ಬೀಮ್ ಇರುವಾಗ ಹೇಳಬಾರದ ಸುದ್ದಿ

ಇಡಗುಂದಿ
೨೪ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಸುಭಾಷ್‌ಗೆ,

ಪ್ರೀತಿಯ ಎಂದು ಬರೆದು ಹೊಡೆದುಹಾಕಿದೆ, ಹೊಸ ಹಾಳೆ ತೆಗೆದು ಮತ್ತೆ ಅದನ್ನೇ ಬರೆದೆ. ನಾನು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಕ್ಷೇಮವೇ ಎಂದು ಕೇಳುವಷ್ಟು ಸಿಟ್ಟು ಇಳಿದಿದೆ, ಅಷ್ಟೇ.

ಈ ಹೊತ್ತಿಗೆ ನಾನು ಇಂದೋರಿನ ರೈಲಿನಲ್ಲಿದ್ದೇನೆ ಎಂದುಕೊಂಡಿರುತ್ತೀಯ. ಇಲ್ಲ. ಶಿರಸಿಯಲ್ಲಿ ನೀನು ನನ್ನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟು, ಬಸ್ಸು ತಿರುಗುವವರೆಗೂ ನಿಂತೇ ಇದ್ದೆ. ನಾನು ತಿರುಗಿ ನೋಡಲಿಲ್ಲ. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಚೀಲ ತೆಗೆದುಕೊಂಡು ಇಳಿದುಬಿಟ್ಟೆ. ಅಲ್ಲಿಂದ ಮಮತಾಳಿಗೆ ಫೋನ್ ಮಾಡಿದೆ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ನನ್ನ ಕೋಣೆಯಲ್ಲಿದ್ದವಳು, ನಮ್ಮ ಮದುವೆಯಲ್ಲಿ ನಿನ್ನ ಕೈಲಿ ನನ್ನ ಹೆಸರಿನ ಒಡಪು ಹೇಳಿಸದೆ ಬಾಗಿಲು ಬಿಡದಿದ್ದವಳು, ಅದೇ ಮಮತಾ. ಇಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ. ಸ್ಕೂಟಿ ತಂದು ಕರೆದುಕೊಂಡು ಬಂದಳು, ಏನೂ ಕೇಳಲಿಲ್ಲ, ಬಿಸಿನೀರು ಕಾಯಿಸಿ ಕೊಟ್ಟಳು.

ಪತ್ರ ಬರೆಯುತ್ತೇನೆ, ಹಾಳೆ ಕೊಡು ಎಂದಾಗ ಮಾತ್ರ ನಕ್ಕಳು. “ಎಂತಕ್ಕೆ ಪತ್ರ ಮಾರಾಯ್ತಿ? ಅಂವ ಶಿರಸೀಲಿ ಇದ್ದ, ಅಮೆರಿಕಾದಲ್ಲಿ ಅಲ್ಲ. ಒಂದು ಫೋನ್ ಹಚ್ಚು, ಬೈಯೋದಿದ್ರೆ ಬೈದು ಮುಗಿಸು” ಎಂದಳು. ಫೋನ್ ಮಾಡಲಾರೆ ಸುಭಾಷ್. ನಿನ್ನ ದನಿ ಕೇಳಿದರೆ ನಾನು ನಂಬಿಬಿಡುತ್ತೇನೆ. ನೀನು ಏನು ಹೇಳಿದರೂ ನಂಬಿಬಿಡುತ್ತೇನೆ. ಈ ತಿಂಗಳು ನನಗೆ ಆದದ್ದೆಲ್ಲ ಅದರಿಂದಲೇ ಆದದ್ದು.

ನಾವು ಒಂದು ನಿಯಮ ಮಾಡಿಕೊಂಡಿದ್ದೆವಲ್ಲ, ಅದನ್ನು ಮಮತಾಳಿಗೆ ವಿವರಿಸಲು ಹೋಗಿ ಸೋತೆ. ಇಬ್ಬರೂ ಇಂದೋರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗಿನ ಮಾತು. ಪ್ರಯೋಗಾಲಯದಲ್ಲಿ ಎಕ್ಸ್‌ರೇ ಕಿರಣದ ಸರದಿ ಸಿಕ್ಕಿ ನೀನು ಬೀಮಿನ ಮೇಲೆ ಕೂತಿದ್ದ ವಾರದಲ್ಲಿ ನಿನ್ನ ಸ್ಕೂಟರು ಕಳುವಾಗಿತ್ತು. ನಾನು ಹೇಳಲಿಲ್ಲ. ಕೆಲಸ ಮುಗಿಸಿ ನೀನು ಹೊರಗೆ ಬಂದು, ನಿಲ್ಲಿಸಿದ್ದ ಜಾಗದಲ್ಲಿ ನಿಂತು ಸ್ಕೂಟರನ್ನು ಹುಡುಕುತ್ತಿದ್ದಾಗ ಹೇಳಿದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೇಳಿದ್ದರೆ ಪ್ರಯೋಗದ ತಿರುಪು ಬಿಗಿಯುವ ಕೈ ನಡುಗುತ್ತಿತ್ತು, ವಜ್ರ ಒಡೆಯುತ್ತಿತ್ತು, ಒಳ್ಳೆಯ ಕೆಲಸ ಮಾಡಿದೆ ಎಂದೆ. ಆವತ್ತಿನಿಂದ ಅದು ನಮ್ಮ ಮನೆಯ ಕಾನೂನಾಯಿತು. ಒಬ್ಬರು ಬೀಮಿನ ಮೇಲಿದ್ದಾಗ ಹೊರಗಿದ್ದವರು ಹೊರಗಿನ ಸುದ್ದಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಜ್ವರ, ಜಗಳ, ಮನೆ ಬಿಡಿ ಎಂದ ಮಾಲೀಕನ ಕಿರಿಕಿರಿ, ಎಲ್ಲಾ ಆಮೇಲೆ. ವರ್ಷಕ್ಕೊಮ್ಮೆ ಸಿಗುವ ಐದು ದಿನ, ಆ ಐದು ದಿನ ಮನೆಯವರು ಸತ್ತಂತೆ ಬಿದ್ದಿರಬೇಕು ಎಂದು ನಾವೇ ತಮಾಷೆ ಮಾಡುತ್ತಿದ್ದೆವು. ಸಾವಿನ ವಿಷಯ ನಿಜವಾಗಿ ಬಂದರೆ ಏನು ಮಾಡಬೇಕು ಎಂದು ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ.

ನಿನಗೆ ಕೆಲಸ ಸಿಗದೆ ಊರಿಗೆ ಬಂದದ್ದು, ಸಿದ್ದಾಪುರದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದು, ಅವ್ವನಿಗೆ ಲಕ್ವ ಹೊಡೆದಾಗ ಬನವಾಸಿ ಕಡೆಯ ಹಳ್ಳಿಯಿಂದ ಅವಳನ್ನು ಎತ್ತಿಕೊಂಡು ಬಂದು ಶಿರಸಿಯ ಮನೆಯಲ್ಲಿ ಇಟ್ಟುಕೊಂಡದ್ದು, ಇದೆಲ್ಲವನ್ನೂ ನಾನು ಮರೆತಿಲ್ಲ. ಮಗಳು ಇಂದೋರಿನಲ್ಲಿ, ಅತ್ತೆಯ ಬಾಯಿ ಒರೆಸುವವನು ಅಳಿಯ. ಊರಿನ ಹೆಂಗಸರು ನಿನ್ನನ್ನು ಹೊಗಳುವಾಗ ನನಗೆ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಅವ್ವ ನಿನ್ನನ್ನು ಅಳಿಯದೇವರು ಎಂದು ಚುಡಾಯಿಸುತ್ತಿದ್ದಳು. ನಾನು ನಿನ್ನನ್ನು ‘ನೀನು’ ಅಂದಾಗಲೆಲ್ಲ, “ಗಂಡಗ ನೀ ಅಂತಾಳ, ಕಲ್ಲಿಗೆ ಡೈಮಂಡ್ ಅಂತಾಳ, ಎಲ್ಲಾ ತಿರಗಾಮುರಗಾ ಈಕೀದು” ಎನ್ನುತ್ತಿದ್ದಳು.

ನಮ್ಮ ಕೆಲಸವನ್ನು ಅವ್ವನಿಗೆ ತಿಳಿಸಿಕೊಟ್ಟವನೂ ನೀನೇ. ನಾನು ಹೇಳಲು ಹೋದರೆ ಮೂರನೆಯ ಮಾತಿಗೆ ಸಿಡುಕುತ್ತಿದ್ದೆ. ನೀನು ಹಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತು ಎರಡು ಹೆಬ್ಬೆರಳುಗಳ ತುದಿಯನ್ನು ತಾಗಿಸಿ ತೋರಿಸಿದ್ದೆ. ಇದೊಂದು ವಜ್ರ, ಇದೊಂದು ವಜ್ರ, ಮೊನೆಗೆ ಮೊನೆ. ನಡುವೆ ತೂತು ಕೊರೆದ ಲೋಹದ ತಗಡು, ಆ ತೂತಿನಲ್ಲಿ ಕಣ್ಣಿಗೆ ಕಾಣದಷ್ಟು ಕಲ್ಲಿನ ಪುಡಿ. ತಿರುಪು ಬಿಗಿದರೆ ವಜ್ರಗಳು ಒತ್ತುತ್ತವೆ, ಭೂಮಿಯ ಆಳದಲ್ಲಿರುವ ಭಾರವೆಲ್ಲ ಆ ಪುಡಿಯ ಮೇಲೆ ಬೀಳುತ್ತದೆ. ಆಗ ವಜ್ರದ ಮೂಲಕವೇ ಎಕ್ಸ್‌ರೇ ಬಿಟ್ಟರೆ ಅದು ಪುಡಿಯನ್ನು ಹಾಯ್ದು ಆಚೆ ಬಂದು ಪರದೆಯ ಮೇಲೆ ಉಂಗುರ ಉಂಗುರವಾಗಿ ಮೂಡುತ್ತದೆ. ಆ ಉಂಗುರಗಳನ್ನು ಅಳೆದರೆ ಕಲ್ಲಿನ ಕಣಗಳು ಒಳಗೆ ಹೇಗೆ ಸಾಲುಗಟ್ಟಿ ನಿಂತಿವೆ ಎಂದು ತಿಳಿಯುತ್ತದೆ. ಒತ್ತಡ ಹೆಚ್ಚಿದಾಗ ಒಂದು ಹಂತದಲ್ಲಿ ಕಲ್ಲು ತನ್ನ ಸಾಲನ್ನು ಬಿಟ್ಟು ಬೇರೆ ಸಾಲು ಕಟ್ಟುತ್ತದೆ, ನಮಗೆ ಬೇಕಾದ್ದು ಆ ಗಳಿಗೆ. ಅವ್ವ ಎಲ್ಲವನ್ನೂ ಕೇಳಿ, “ವಜ್ರ ಒಡದ್ರ ರೊಕ್ಕ ಯಾರು ಕೊಡತಾರೋ?” ಎಂದಿದ್ದಳು. ಆಮೇಲೆ ಪಕ್ಕದ ಮನೆಯ ನೀಲಗಂಗವ್ವನಿಗೆ ಅದೇ ಹೆಬ್ಬೆರಳು ತಾಗಿಸಿ, “ಭೂಮಿತಾಯಿ ಹೊಟ್ಟ್ಯಾಗ ಕಲ್ಲು ಹ್ಯಾಂಗ ಕುಂತಿರತಾವು ಅಂತ ನನ್ನ ಮಗಳು ಫೋಟೋ ತಗೀತಾಳ” ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರು ಅದನ್ನೇ ಹೇಳಲು ಒಂದು ಗಂಟೆ ತೆಗೆದುಕೊಳ್ಳುತ್ತಾರೆ.

ಈ ಸಲದ ಕಲ್ಲು ಸುಣ್ಣದ ಹರಳು. ಮದುವೆಯಾದ ಹೊಸದರಲ್ಲಿ ಯಾಣಕ್ಕೆ ಹೋಗಿ ಬರುವಾಗ ದಾರಿಯ ಹಳ್ಳದಲ್ಲಿ ನೀನು ಆರಿಸಿಕೊಟ್ಟ ಹರಳಿನದೇ ಪುಡಿ. ಗಾಳಿಯ ಒತ್ತಡದ ಹತ್ತು ಲಕ್ಷ ಪಟ್ಟು ಒತ್ತಿದರೆ ಅದು ಯಾರೂ ನೋಡದ ಹೊಸ ಜೋಡಣೆಗೆ ಹೊರಳಬೇಕು ಎಂದು ಲೆಕ್ಕ ಹೇಳುತ್ತಿತ್ತು. ಎರಡು ವರ್ಷ ವಜ್ರ ಒಡೆಯಿತು. ಈ ಸಲ ಬೀಮ್ ಸಿಕ್ಕದ್ದು ದೀಪಾವಳಿ ಮುಗಿದ ಸೋಮವಾರದಿಂದ. ಹಬ್ಬಕ್ಕೂ ನಾನು ಬರಲಿಲ್ಲ. ಬುಧವಾರ ಮಧ್ಯಾಹ್ನ ಪರದೆಯ ಮೇಲೆ ಹೊಸ ಉಂಗುರಗಳು ಮೂಡಿದವು. ಹಳೆಯವುಗಳ ನಡುವೆ, ಯಾವ ಪಟ್ಟಿಯಲ್ಲೂ ಇಲ್ಲದ ಜಾಗದಲ್ಲಿ. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಮೊದಲು ಹೇಳಬೇಕೆನ್ನಿಸಿದ್ದು ನಿನಗೆ.

ನೀನು ಫೋನ್ ಎತ್ತಲು ತಡ ಮಾಡಿದೆ. ಹಿಂದೆ ಭಜನೆಯ ತಾಳ ಕೇಳಿಸುತ್ತಿತ್ತು. ಏನದು ಎಂದೆ. ಪಕ್ಕದ ಮನೆಯವರು ಇಟ್ಟುಕೊಂಡಿದ್ದಾರೆ ಎಂದೆ ನೀನು. ನಾನು ಉಂಗುರದ ಮಾತು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನೀನು ಹೂಂ, ಹೂಂ ಎನ್ನುತ್ತಿದ್ದೆ. ಕೊನೆಗೆ, ಅವ್ವನ ಕಿವಿಗೆ ಫೋನ್ ಹಿಡಿ, ನಾನೇ ಹೇಳುತ್ತೇನೆ ಎಂದೆ. ಬೇಸಿಗೆಯಲ್ಲಿ ಅವ್ವನ ಮಾತು ನಿಂತ ಮೇಲೆ ನಮಗೆ ಅದೇ ರೂಢಿಯಾಗಿತ್ತು. ನೀನು ಸ್ಪೀಕರ್ ಹಾಕಿ ಅವಳ ಎಡಗಿವಿಯ ಹತ್ತಿರ ಹಿಡಿಯುತ್ತಿದ್ದೆ, ನಾನು ಮಾತಾಡುತ್ತಿದ್ದೆ, ಆಮೇಲೆ ನೀನು ಕಣ್ಣು ಆಡಿಸಿದಳು, ನಕ್ಕಳು ಎಂದು ನನಗೆ ಹೇಳುತ್ತಿದ್ದೆ. ಅವತ್ತು ನೀನು, ಈಗ ಬೇಡ, ಮಲಗಿದ್ದಾಳೆ ಎಂದೆ. ಎಬ್ಬಿಸು, ನನ್ನ ಸಂತೋಷಕ್ಕೆ ಒಂದು ದಿನ ನಿದ್ದೆ ಕೆಟ್ಟರೆ ಏನೂ ಆಗುವುದಿಲ್ಲ ಎಂದು ಹಟ ಹಿಡಿದೆ. ಭಜನೆ ನಿಂತಿತು. ನೀನು, ಹೂಂ ಮಾತಾಡು ಎಂದೆ.

ನಾನು ಏನೇನು ಹೇಳಿದೆನೋ ಅದೆಲ್ಲ ನಿನಗೆ ನೆನಪಿರುತ್ತದೆ. ನನಗಂತೂ ಒಂದೊಂದು ಅಕ್ಷರವೂ ನೆನಪಿದೆ. ಅವ್ವಾ, ಕಲ್ಲು ಬದಲಾತು ನೋಡಬೇ ಎಂದೆ. ಯಾರೂ ನೋಡದ್ದನ್ನ ನಾ ನೋಡೇನಿ ಎಂದೆ. ಬರುವಾಗ ಪೇಡೆ ತರತೇನಿ, ಸುಭಾಷ್ ಬ್ಯಾಡ ಅಂದ್ರೂ ತಿನಸತೇನಿ, ನಾ ಬರೂತನಕ ಗಟ್ಟಿ ಇರು ಎಂದೆ. ಮಾತಿನ ನಡುವೆ ನಗುತ್ತಿದ್ದೆ. ಆಮೇಲೆ ನೀನು ಫೋನ್ ತೆಗೆದುಕೊಂಡು ಹೇಳಿದ್ದು ಒಂದೇ ಮಾತು, ನಕ್ಕಳು.

ಶನಿವಾರ ಬೀಮ್ ಮುಗಿಯುವವರೆಗೂ ದಿನಕ್ಕೆರಡು ಸಲ ಫೋನ್ ಮಾಡಿದೆ. ನೀನು, ಗಂಜಿ ಕುಡಿದಳು ಎಂದೆ. ಬಿಸಿಲಿಗೆ ಕೂಡಿಸಿದ್ದೆ ಎಂದೆ. ಸೋಮವಾರ ಹುಬ್ಬಳ್ಳಿ ಸ್ಟೇಷನ್ನಿಗೆ ನೀನೇ ಬಂದಿದ್ದೆ. ಗಡ್ಡ ಬೋಳಿಸಿರಲಿಲ್ಲ, ಕಾಲೇಜಿಗೆ ಪರೀಕ್ಷೆಯ ಓಡಾಟ ಎಂದೆ. ಹೋಟೆಲಿಗೆ ಕರೆದುಕೊಂಡು ಹೋಗಿ, ಮೊದಲು ತಿಂಡಿ ತಿನ್ನು ಎಂದೆ. ನಾನು ಇಡ್ಲಿ ತಿಂದೆ, ವಡೆ ತಿಂದೆ, ಚಹಾ ಕುಡಿದೆ, ಉಂಗುರಗಳ ಕಥೆ ಇನ್ನೊಂದು ಸಲ ಹೇಳಿದೆ. ನೀನು ನನ್ನ ತಟ್ಟೆಯನ್ನೇ ನೋಡುತ್ತಿದ್ದೆ. ಖಾಲಿಯಾದ ಮೇಲೆ ಹೇಳಿದೆ. ಅವ್ವ ಹೋದಳು, ಗುರುವಾರ ಬೆಳಗಿನ ಜಾವ ಹೋದಳು, ಗುರುವಾರವೇ ಮಣ್ಣು ಮಾಡಿದೆವು, ನಿನ್ನ ಬೀಮ್ ಇತ್ತಲ್ಲ, ನಮ್ಮ ನಿಯಮ ಇತ್ತಲ್ಲ ಎಂದೆ.

ಆದರೂ ನಿನ್ನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ನಂಬುತ್ತೀಯಾ? ನೀನು ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ನೀನು ನನ್ನ ಕೈ ಹಿಡಿದುಕೊಂಡು ಇನ್ನೂ ಒಂದು ಮಾತು ಸೇರಿಸಿದೆ. ಬುಧವಾರ ನಿನ್ನ ಸುದ್ದಿ ಕೇಳಿ ನಕ್ಕಳಲ್ಲ, ಆ ನಗು ಮುಖದಲ್ಲೇ ಇತ್ತು, ಅದನ್ನು ಇಟ್ಟುಕೊಂಡೇ ಹೋದಳು ಎಂದೆ. ಶಿರಸಿಗೆ ಬರುವವರೆಗೂ ದಾರಿಯುದ್ದಕ್ಕೂ ನಾನು ಆ ಮಾತನ್ನೇ ಹಿಡಿದುಕೊಂಡು ಬಂದೆ. ಮಣ್ಣಿಗೆ ನಾನಿರಲಿಲ್ಲ, ಆದರೆ ನನ್ನ ಸುದ್ದಿ ಅವಳ ಕಿವಿಗೆ ಬಿತ್ತು. ಅಷ್ಟು ಸಾಕು ಎಂದುಕೊಂಡೆ. ನಿನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ.

ಮರುದಿನ ಹಳ್ಳಿಗೆ ಹೋದೆವು. ಹೊಲದ ಬದುವಿನಲ್ಲಿ ಅವ್ವನನ್ನು ಮಣ್ಣು ಮಾಡಿದ ಗದ್ದುಗೆಗೆ ನಾನು ಪತ್ರಿ ಏರಿಸುವಾಗ ಬಸಪ್ಪಮಾವ ದೂರ ನಿಂತಿದ್ದ. ಅವ್ವನ ಒಡಹುಟ್ಟಿದ ತಮ್ಮ, ನನ್ನನ್ನು ಎತ್ತಿ ಆಡಿಸಿದವನು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ದುಃಖಕ್ಕೆ ಎಂದುಕೊಂಡೆ. ನೀನು ಆಳುಗಳ ಜೊತೆ ಗದ್ದುಗೆಯ ಸುತ್ತ ಕಲ್ಲು ಇಡಿಸುತ್ತ ಹೊಲದಲ್ಲೇ ಉಳಿದೆ. ನಾನು ಮನೆಗೆ ಬಂದೆ. ನೀಲಗಂಗವ್ವ ಕಟ್ಟೆಯ ಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಬೆನ್ನು ಸವರುತ್ತ ಹೇಳಿದ ಮಾತು ಇದು: “ನಿಮ್ಮ ಮಾವ ಸಿಟ್ಟಾಗ್ಯಾನ, ಮನಸಿಗೆ ಹಚ್ಕೋಬ್ಯಾಡ. ಮಗಳು ಬರೂತನಕ ಇಡೂಣು ಅಂತ ಒಂದ್ ದಿನ ಕಾದ. ಬರಾಕ ಆಗೂದಿಲ್ಲ ಅಂದಾಳ ಅಂತ ನಿನ್ನ ಗಂಡ ಹೇಳಿದ. ಆದ್ರ ನಾ ಖರೇ ಹೇಳತೇನಿ ಜ್ಯೋತಿ, ನೀ ಫೋನಿನ್ಯಾಗ ಅವ್ವನ ಕಿವ್ಯಾಗ ಮಾತಾಡಿದೆಲ್ಲಾ, ಅದನ್ನ ಕೇಳಿ ನಮ್ಮೆಲ್ಲಾರ ಕರುಳು ಹಿಂಡಿಧಂಗ ಆತು. ಹೆಣದ ಮುಂದ ಯಾರರ ನಗತಾರೇನವಾ? ನೀ ನಕ್ಕೋಂತ ಕಳಿಸಿದಿ. ಗಟ್ಟಿ ಇರು ಅಂದಿ. ಎಂಥಾ ಗುಂಡಗಿ ನಿಂದು!”

ನನಗೆ ಮೊದಲು ಅರ್ಥವಾಗಲಿಲ್ಲ. ಯಾವಾಗ ಅತ್ತಿ ಎಂದು ಕೇಳಿದೆ. ಬುಧವಾರ ಎಂದಳು. ಬುಧವಾರ ಬೆಳಿಗ್ಗೆ ಶಿರಸಿಯಲ್ಲಿ ಜೀವ ಹೋಯಿತು, ಮಧ್ಯಾಹ್ನದ ಹೊತ್ತಿಗೆ ಹಳ್ಳಿಗೆ ತಂದು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಭಜನೆಗೆ ಕೂತಿದ್ದರು. ನೀನು ಎದ್ದು ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡಿದೆ. ಮತ್ತೆ ಒಳಗೆ ಬಂದೆ. ಕೈ ಎತ್ತಿ ಭಜನೆ ನಿಲ್ಲಿಸಿದೆ. ಮಂಡಿಯೂರಿ ಕೂತು ಫೋನನ್ನು ಅವ್ವನ ಎಡಗಿವಿಗೆ ಹಿಡಿದೆ. ಸ್ಪೀಕರ್ ಹಾಕಿದ್ದೆ. ಇದನ್ನೆಲ್ಲ ನೀಲಗಂಗವ್ವ ನನಗೆ ಗೊತ್ತಿರುವ ಸಂಗತಿಯೆಂಬಂತೆ ನೆನಪು ಮಾಡಿಕೊಂಡು ಹೇಳುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಸುಭಾಷ್, ಇಡೀ ಪಡಸಾಲೆ ಕೇಳಿದೆ. ಸತ್ತ ತಾಯಿಗೆ ಪೇಡೆ ತಿನ್ನಿಸುತ್ತೇನೆ ಎಂದು ನಗುತ್ತಾ ಹೇಳಿದ ಮಗಳ ದನಿಯನ್ನು ಊರೆಲ್ಲ ಕೇಳಿದೆ. ಗೊತ್ತಿಲ್ಲದೇ ಹೋದವಳು ನಾನೊಬ್ಬಳೇ. ಹೆಂಗಸರು ನನ್ನನ್ನು ಗಟ್ಟಿಗಿತ್ತಿ ಎಂದುಕೊಂಡಿದ್ದಾರೆ. ಮಾವ ನನ್ನನ್ನು ಹೃದಯವಿಲ್ಲದವಳು ಎಂದುಕೊಂಡಿದ್ದಾನೆ. ಎರಡೂ ಅಲ್ಲ ಎಂದು ಎದ್ದು ನಿಂತು ಕೂಗಬೇಕೆನ್ನಿಸಿತು. ಕೂಗಿದ್ದರೆ ನೀನು ಊರಿನ ಕಣ್ಣಲ್ಲಿ ಏನಾಗುತ್ತಿದ್ದೆ? ಅವ್ವನ ಮೈ ತೊಳೆದವನು, ಎತ್ತಿ ಮಲಗಿಸಿದವನು, ಹಳ್ಳಿಯವರೆಲ್ಲ ತಮ್ಮ ಅಳಿಯಂದಿರಿಗೆ ಉದಾಹರಣೆ ಕೊಡುವವನು. ಹೌದು ಅತ್ತಿ, ಅಷ್ಟೇ ಆಯಿತು ನನ್ನ ಕೈಲಿ ಎಂದೆ. ಅವ್ವನ ಹೆಸರಿನಲ್ಲಿ ಊಟ ಹಾಕಿಸಿದ ಗಣಾರಾಧನೆಯ ದಿನವೂ ಬಂದವರೆಲ್ಲ ಅದನ್ನೇ ಎತ್ತಿ ಹೇಳಿದರು. ನಾನು ಎಲ್ಲರಿಗೂ ತಲೆಯಾಡಿಸಿದೆ. ನೀನು ಬಡಿಸುತ್ತಿದ್ದೆ, ನಿನಗೂ ಕೇಳಿಸಿತು.

ಅವತ್ತು ಊಟ ಮುಗಿದು ಎಲ್ಲರೂ ಹೋದ ಮೇಲೆ ಹಿತ್ತಲಲ್ಲಿ ನಿನ್ನನ್ನು ಕೇಳಿದೆ. ನೀನು ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. “ನೀ ಅಷ್ಟು ಖುಷೀಲೆ ಇದ್ದಿ. ಎರಡು ವರ್ಷ ಆದ ಮ್ಯಾಲ ನಿನ್ನ ದನಿ ಹಂಗ ಕೇಳಿದ್ದೆ. ನಾ ಏನ್ ಮಾಡ್ಲಿ?” ಎಂದೆ. ಮತ್ತೆ, “ಆಕೀಗೂ ನಿನ್ನ ದನಿ ಬೇಕಾಗಿತ್ತು” ಎಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ನಿನಗೂ ಅವಳು ತಾಯಿಯೇ, ನಿನಗೆ ಸಮಾಧಾನ ಹೇಳಲು ಒಬ್ಬರೂ ಇರಲಿಲ್ಲ, ಆ ಐದು ದಿನ ನೀನು ಒಬ್ಬನೇ ಅವಳನ್ನು ಕಳಿಸಿ, ಒಬ್ಬನೇ ನನ್ನ ಫೋನ್ ಎತ್ತಿ, ಗಂಜಿ ಕುಡಿದಳು ಎಂದು ಹೇಳಿದೆ. ಅದನ್ನು ನೆನೆಸಿಕೊಂಡರೆ ನನ್ನ ಎದೆ ಒಡೆಯುತ್ತದೆ. ಅಷ್ಟಾದರೂ ನಾನು ಆ ಕಲ್ಲಿನ ಹತ್ತಿರ ಬಂದು ನಿನ್ನನ್ನು ಮುಟ್ಟಲಿಲ್ಲ.

ಮಮತಾಳಿಗೆ ಎಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಅಕ್ಕಿ ಆರಿಸುತ್ತಾ ಕೂತಿದ್ದಳು. ಆಮೇಲೆ, “ಅಂವ ಮಾಡಿದ್ದು ತಪ್ಪು, ಆದ್ರೆ ಅಂವ ಕೆಟ್ಟವ ಅಲ್ಲ ಮಾರಾಯ್ತಿ” ಎಂದಳು. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಇಷ್ಟು ಉದ್ದ ಪತ್ರ ಬರೆಯುವ ಕಷ್ಟವೂ ಇರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆಯೇ ನೀನು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ದಿನವೂ ಕೇಳಿಕೊಳ್ಳುತ್ತೇನೆ. ತಿರುಪು ಬಿಟ್ಟು ಓಡಿ ಬರುತ್ತಿದ್ದೆನೋ? ಸಂಜೆಯ ವಿಮಾನ ಹಿಡಿದು, ಬೆಳಗಾಗುವುದರೊಳಗೆ ಪಡಸಾಲೆಯಲ್ಲಿ ಇರುತ್ತಿದ್ದೆನೋ? ಅಥವಾ ಹೋದವಳು ಹೋದಳು, ಇನ್ನು ಮೂರು ದಿನ ಎಂದು ಅಲ್ಲೇ ಕೂರುತ್ತಿದ್ದೆನೋ? ನನಗೆ ಗೊತ್ತಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ನನ್ನ ತಾಯಿಗೆ ನಾನು ಎಂಥ ಮಗಳು ಎಂದು ತಿಳಿಯುವ ದಿನ ಒಂದು ಬಂದಿತ್ತು, ಅದನ್ನು ನೀನು ನನ್ನ ಬದಲು ಕಳೆದುಬಿಟ್ಟೆ. ನನ್ನ ಮೇಲಿನ ಪ್ರೀತಿಯಿಂದಲೇ ಕಳೆದೆ, ಅದೂ ನನಗೆ ಗೊತ್ತು.

ಆದರೆ ನಾನು ಶಿರಸಿಯ ಮನೆಯಲ್ಲಿ ಇರಲಾರದ್ದು ಅದಕ್ಕಲ್ಲ. ನಿಯಮ ನಾವಿಬ್ಬರೂ ಮಾಡಿದ್ದು, ಅದರ ಪಾಲು ನನಗೂ ಇದೆ. ಹುಬ್ಬಳ್ಳಿಯ ಹೋಟೆಲಿನಲ್ಲಿ ನೀನು ಸೇರಿಸಿದೆಯಲ್ಲ ಆ ನಗು, ಅದು ಯಾವ ನಿಯಮದಲ್ಲೂ ಇರಲಿಲ್ಲ. ಆಗ ಬೀಮ್ ಮುಗಿದಿತ್ತು, ನನ್ನ ಕೈಯಲ್ಲಿ ಯಾವ ತಿರುಪೂ ಇರಲಿಲ್ಲ. ನಿನ್ನ ಎದುರು ಕೂತಿದ್ದವಳು ತಾಯಿ ಸತ್ತ ಒಬ್ಬ ಹೆಂಗಸು ಮಾತ್ರ. ಅವಳಿಗೆ ನಿಜ ಕೊಡುವ ಬದಲು ನೀನು ಬಿಸಿ ಇಡ್ಲಿ ಕೊಟ್ಟೆ, ಆಮೇಲೆ ಒಂದು ನಗು ಕೊಟ್ಟೆ. ಈಗ ನೀನು ಹಿಂದೆ ಹೇಳಿದ್ದೆಲ್ಲವನ್ನೂ ಕೆದಕುತ್ತಿದ್ದೇನೆ. ಬೇಸಿಗೆಯಿಂದ ಈಚೆಗೆ ನನ್ನ ಫೋನಿಗೆ ಅವ್ವ ಒಂದು ಸಲವಾದರೂ ನಿಜವಾಗಿ ಕಣ್ಣು ಆಡಿಸಿದ್ದಳಾ? ನಾನು ಕಳಿಸಿದ ಸೀರೆಯನ್ನು ನೋಡಿ ಖುಷಿಪಟ್ಟಳು ಎಂದಿದ್ದೆ, ಪಟ್ಟಿದ್ದಳಾ? ಕೇಳಿದರೆ ನೀನು ಹೌದು ಎನ್ನುತ್ತೀಯ. ಎಷ್ಟು ಚೆನ್ನಾಗಿ ಹೌದು ಎನ್ನುತ್ತೀಯ ಎಂದರೆ ನನಗೆ ಅಳು ಬರುತ್ತದೆ.

ನಾಳೆ ಇಲ್ಲಿಂದ ಹೊರಡುತ್ತೇನೆ. ನಿನ್ನನ್ನು ಬಿಟ್ಟೆ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ, ಬರುತ್ತೇನೆ ಎಂದು ಬರೆದರೆ ಅದು ಸುಳ್ಳಾಗುತ್ತದೆ, ನಮ್ಮಿಬ್ಬರ ಮನೆಗೆ ಈಗಿರುವ ಸುಳ್ಳುಗಳೇ ಸಾಕು. ಅವ್ವನ ಹಾಸಿಗೆಯನ್ನು ಯಾರಿಗಾದರೂ ಕೊಟ್ಟುಬಿಡು. ಅವಳ ಸೀರೆಗಳಲ್ಲಿ ಹಸಿರು ಇಳಕಲ್ಲು ನೀಲಗಂಗವ್ವನಿಗೆ. ನೀನು ರಾತ್ರಿ ಊಟ ಬಿಡಬೇಡ. ಬಸಪ್ಪಮಾವನಿಗೆ ನಿಜ ಹೇಳುವುದು ಬಿಡುವುದು ನಿನಗೆ ಸೇರಿದ್ದು, ನಾನು ಹೇಳುವುದಿಲ್ಲ. ಫೋನ್ ಮಾಡಬೇಡ. ಬೇಡ ಎಂದರೂ ಮಾಡುತ್ತೀಯ ಎಂದು ಗೊತ್ತು, ನಾನು ಎತ್ತುವುದಿಲ್ಲ. ಮನಸ್ಸಿಗೆ ಬಂದರೆ ಪತ್ರ ಬರೆ. ಪತ್ರದಲ್ಲಿ ದನಿ ಇರುವುದಿಲ್ಲ.

ಇಷ್ಟೆಲ್ಲ ಆದರೂ ನಿನ್ನವಳೇ,
ಜ್ಯೋತಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಶಿರಸಿಯಲ್ಲಿ ನಿದ್ದೆ ಬಾರದ ದಿನಗಳಲ್ಲಿ ಬುಧವಾರದ ಚಿತ್ರಗಳನ್ನು ಕೂತು ಅಳೆದೆ. ಆ ಹೊಸ ಉಂಗುರಗಳು ಕಲ್ಲಿನವಲ್ಲ. ಒತ್ತಡ ಏರಿದ ಹಾಗೆ ತಗಡಿನ ತೂತು ಕುಗ್ಗಿ ಒಂದು ಪಕ್ಕಕ್ಕೆ ಸರಿದಿತ್ತು, ಎಕ್ಸ್‌ರೇ ಅದರ ಅಂಚಿಗೆ ತಾಗಿತ್ತು. ತಗಡೂ ಅಷ್ಟೇ ಒತ್ತಡದಲ್ಲಿ ಕುಗ್ಗಿದ್ದರಿಂದ ಅದರ ಉಂಗುರಗಳು ಜಾಗ ಬಿಟ್ಟು ಬಿದ್ದಿದ್ದವು, ನನಗೆ ಗುರುತು ಸಿಗಲಿಲ್ಲ. ಕಲ್ಲು ಬದಲಾಗಿರಲಿಲ್ಲ ಸುಭಾಷ್. ಅವ್ವನ ಕಿವಿಯಲ್ಲಿ ನಾನು ಹೇಳಿದ ಕೊನೆಯ ಮಾತೂ ನಿಜವಲ್ಲ. ಇಂದೋರಿನಲ್ಲಿದ್ದಾಗ ಯಾರು ಏನು ಕಂಡೆ ಎಂದು ಕುಣಿದರೂ, ಮೊದಲು ತಗಡು ನೋಡು ಎನ್ನುತ್ತಿದ್ದವನು ನೀನು. ಅವತ್ತು ನೀನು ಅದನ್ನು ಕೇಳಲಿಲ್ಲ. ನನ್ನ ಲೆಕ್ಕ ಸರಿಯೇ ಎಂದು ನೋಡಿ ಹೇಳಬಲ್ಲವನು ನನಗೆ ನೀನೊಬ್ಬನೇ. ಇವತ್ತು ಮಧ್ಯಾಹ್ನ ಚಿತ್ರಗಳನ್ನು ನಿನಗೆ ಕಳಿಸಲು ಫೋನ್ ತೆಗೆದೆ, ನಿನ್ನ ಹೆಸರನ್ನೂ ಒತ್ತಿದೆ. ಆಮೇಲೆ ಅಳಿಸಿದೆ. ನನ್ನ ಮನಸ್ಸು ನೋಯಬಾರದೆಂದು ನೀನು, ಇಲ್ಲ ಜ್ಯೋತಿ, ಕಲ್ಲೇ ಬದಲಾಗಿದೆ ಎನ್ನುತ್ತೀಯ.